ಕೆಲಸವಿಲ್ಲದ ಇಬ್ಬರು

ಮಸ್ಕತ್ತಿನ ಕೆಲಸ ಮುಗಿಸಿ ನನ್ನ ಗಂಡ ರಮಾನಾಥ ಊರಿಗೆ ಬಂದದ್ದೂ, ಮಗಳು ಸುರಕ್ಷಾ "ಅಪ್ಪನಿಗೆ ಹೊತ್ತು ಹೋಗ್ಲಿ" ಎಂದು ನಾಯಿ ತಂದುಕೊಟ್ಟದ್ದೂ ಒಂದೇ ತಿಂಗಳು. ಜ್ಯಾಕ್ ರಸೆಲ್ ಜಾತಿಯಂತೆ. ಬೆಕ್ಕಿಗಿಂತ ಸ್ವಲ್ಪ ದೊಡ್ಡದು, ಬಿಳಿ ಮೈ, ಒಂದು ಕಣ್ಣಿನ ಸುತ್ತ ಕಂದು ಮಚ್ಚೆ. ಹೆಸರು ಬುಲೆಟ್. "ಚಿಕ್ಕ ನಾಯಿ ಅಮ್ಮ, ಇದ್ದದ್ದೇ ಗೊತ್ತಾಗುದಿಲ್ಲ" ಎಂದು ಹೇಳಿ ಅವಳು ಬೆಳ್ತಂಗಡಿಗೆ, ಗಂಡನ ಮನೆಗೆ ಹೊರಟುಹೋದಳು. ನಾನು ನಂಬಿದೆ. ನನಗೆ ಬುದ್ಧಿ ಇರಲಿಲ್ಲ.

ಅದು ಬಿಲಕ್ಕೆ ನುಗ್ಗಿ ಬೇಟೆಯಾಡುವ ಜಾತಿ ಎಂದು ಆಮೇಲೆ ಗೊತ್ತಾಯಿತು. ಬಿಲ ಇದ್ದರೆ ಅಗೆಯುತ್ತದೆ, ಇಲ್ಲದಿದ್ದರೆ ತಾನೇ ಒಂದು ಮಾಡುತ್ತದೆ. ನನ್ನ ಮಲ್ಲಿಗೆ ಗಿಡದ ಬುಡ ಹೋಯಿತು, ಕೆಸುವಿನ ಸಾಲು ಹೋಯಿತು. ಸತ್ತ ಹೆಗ್ಗಣವನ್ನು ಅಡುಗೆಮನೆಯ ಹೊಸ್ತಿಲಲ್ಲಿಟ್ಟು ಶಹಬ್ಬಾಸ್‌ಗಿರಿಗೆ ಕಾಯುತ್ತ ಕೂರುತ್ತದೆ. ಬೆಳಿಗ್ಗೆ ಸುತ್ತಾಡಿಸಿದರೆ ಸುಸ್ತಾಗುವುದು ಸುತ್ತಾಡಿಸಿದವರಿಗೆ.

ಇವರೇನೂ ಕಡಿಮೆ ಇಲ್ಲ. ಅಲ್ಲಿ ಕಂಪೆನಿಯ ಸ್ಟೋರ್ ನೋಡಿಕೊಂಡಿದ್ದವರು ಇಲ್ಲಿ ನನ್ನ ಅಡುಗೆಮನೆಯನ್ನೇ ಸ್ಟೋರ್ ಮಾಡಿಕೊಂಡರು. ಕೊತ್ತಂಬರಿ ಇದ್ದಲ್ಲಿ ಮೆಂತೆ, ಮೆಂತೆ ಇದ್ದಲ್ಲಿ ಸಾಸಿವೆ. ಕಣ್ಣು ಮುಚ್ಚಿ ಒಗ್ಗರಣೆ ಹಾಕುತ್ತಿದ್ದವಳು ಕನ್ನಡಕ ಹುಡುಕುವ ಹಾಗಾಯಿತು.

"ಕುಚಲಕ್ಕಿ ಇಷ್ಟು ಹೊತ್ತು ಬೇಯಿಸ್ಬೇಕಾ ಕಾಂತಿ? ಗ್ಯಾಸ್ ಸುಮ್ಮನೆ ಹೋಗ್ತದಲ್ಲ."

"ರಜೆಯಲ್ಲಿ ಬಂದು ನೀವು ಉಂಡು ಹೋದದ್ದು ಇದೇ ಅನ್ನ."

ಒಂದು ಬೆಳಿಗ್ಗೆ ಹಿತ್ತಲಲ್ಲಿ ಧಡ್ ಎಂದು ಸದ್ದಾಯಿತು. ಓಡಿ ಹೋದರೆ ಬಟ್ಟೆ ಒಗೆಯುವ ಕಲ್ಲು ವಾಲಿದೆ. ಅದರಡಿಯ ಹೊಂಡದಲ್ಲಿ ಬುಲೆಟಿನ ಬಾಲ ಮಾತ್ರ ಕಾಣುತ್ತಿದೆ. ನೆನೆಸಿಟ್ಟ ನನ್ನ ಸೀರೆಗಳು ಕೆಸರಲ್ಲಿ. ಇವರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಟಾರ್ಚ್ ಬಿಡುತ್ತಿದ್ದಾರೆ. "ಹಿಡಿ ಮಾರಾಯ, ಬಿಡ್ಬೇಡ!"

ನನ್ನ ತಲೆ ಕೆಟ್ಟುಹೋಯಿತು. "ಈ ಮನೆಯಲ್ಲಿ ಒಂದೋ ನಾನಿರ್ಬೇಕು, ಇಲ್ಲದಿದ್ರೆ ಕೆಲಸ ಇಲ್ಲದ ನೀವಿಬ್ರು ಇರ್ಬೇಕು" ಎಂದು ಕಿರುಚಿದೆ.

ಇವರು ಟಾರ್ಚ್ ಆರಿಸಿದರು. "ನಾನು ಅಲ್ಲೇ ಇರ್ಬೇಕಿತ್ತು ಅಂತ ಅನಿಸ್ತದಾ ನಿನಗೆ?"

ತಮಾಷೆಯ ದನಿ ಅದಲ್ಲ. ಸಿಟ್ಟಿನಲ್ಲಿ ನಾನು ಸೀರೆಗಳನ್ನು ಎತ್ತಿಕೊಂಡು ಒಳಗೆ ಬಂದೆ.

ಮರುದಿನದಿಂದ ಇವರು ಅಡುಗೆಮನೆಗೆ ಕಾಲಿಡಲಿಲ್ಲ. ಜಗಲಿಯ ಕುರ್ಚಿಯಲ್ಲಿ ಕೂತರೆ ಕೂತದ್ದೇ. ಊಟಕ್ಕೆ ಕರೆದರೆ ಬಂದು ಉಂಡು ಹೋಗುತ್ತಿದ್ದರು, ಉಪ್ಪು ಜಾಸ್ತಿಯಾದರೂ ಮಾತಿಲ್ಲ. ನನಗೆ ಹೆದರಿಕೆಯಾಯಿತು. ಬೈದದ್ದು ಇಬ್ಬರಿಗೆ, ತಾಗಿದ್ದು ಇವರೊಬ್ಬರಿಗೆ. ನಾಯಿ ಆಗಲೇ ತೆಂಗಿನ ಬುಡ ಅಗೆಯಲು ಹೋಗಿತ್ತು.

ನಮ್ಮ ದನಕ್ಕೆ ಹಿಂಡಿ ತರುವುದು ಮೆಲ್ಕಾರಿನ ಶಾಫಿಯ ಅಂಗಡಿಯಿಂದ. ಆ ವಾರ ಹೋದಾಗ ಅವನೂ ತಲೆ ಮೇಲೆ ಕೈ ಹೊತ್ತು ಕೂತಿದ್ದ.

"ಗೋದಾಮು ಇಡೀ ಹೆಗ್ಗಣ ಅಕ್ಕ. ಗೋಣಿ ಎಲ್ಲ ತೂತು. ಬೆಕ್ಕು ತಂದೆ, ಅದು ಹೆದರಿ ಓಡಿತು."

"ನಮ್ಮಲ್ಲಿ ಒಂದು ನಾಯಿ ಉಂಟು. ಪೂರ್ತಿ ಕೊಡ್ತೇನೆ."

"ಪೂರ್ತಿ ಬೇಡ ಅಕ್ಕ. ಬೆಳಿಗ್ಗೆ ಬಿಡಿ, ಸಂಜೆ ಕೊಂಡುಹೋಗಿ."

ಸ್ಕೂಟರಿನಲ್ಲಿ ಬಿಟ್ಟುಬರುವ ಕೆಲಸ ಇವರಿಗೆ ಬಿತ್ತು. ಮೊದಮೊದಲು ಬಿಟ್ಟ ಕೂಡಲೇ ಮನೆಗೆ ಬರುತ್ತಿದ್ದರು. ಆಮೇಲೆ ತಡವಾಗತೊಡಗಿತು. ಒಂದು ದಿನ ಮಧ್ಯಾಹ್ನದ ಊಟಕ್ಕೂ ಬರಲಿಲ್ಲ, ಫೋನೂ ಎತ್ತಲಿಲ್ಲ. ಸಾರು ಆರಿತು, ನಾನು ಕಾದೆ. ಕೊನೆಗೆ ಸರಿಯಾಗಿ ಬೈದು ಬರುವ ಎಂದು ರಿಕ್ಷಾ ಹತ್ತಿದೆ.

ಶಾಫಿಯ ಗೋದಾಮಿನಲ್ಲಿ ಗೋಡೆಗೆ ಒತ್ತಿ ಪೇರಿಸಿದ್ದ ಗೋಣಿಗಳನ್ನು ಇವರು ಆಳುಗಳಿಂದ ಹೊರಗೆಳೆಸಿ, ಹಲಗೆ ಹಾಕಿಸಿ, ಹಿಂದೆ ದಾರಿ ಬಿಟ್ಟು ಹೊಸದಾಗಿ ಇಡಿಸುತ್ತಿದ್ದರು. ತಲೆ ತುಂಬ ತೌಡಿನ ಹುಡಿ. ಪ್ರತಿ ಗೋಣಿ ಏಳುವಾಗಲೂ ಬುಲೆಟ್ ಒಂದು ಕಾಲೆತ್ತಿ, ನಡುಗುತ್ತ, ಇವರ ಮುಖವನ್ನೇ ನೋಡುತ್ತಿತ್ತು. ಇವರು "ಹಾಂ" ಎಂದದ್ದೇ ಹಾರಿತು. ಹೆಗ್ಗಣದ ಕುತ್ತಿಗೆ ಹಿಡಿದು ಕೊಡವಿತು, ಮುಗಿಯಿತು.

"ಗೋಡೆಗೆ ತಾಗಿಸಿ ಇಟ್ರೆ ಇವನಿಗೆ ನುಗ್ಲಿಕ್ಕೆ ಆಗುದಿಲ್ಲ ಕಾಂತಿ" ಎಂದರು, ನಾನು ಯಾಕೆ ಬಂದೆ ಎಂದೂ ಕೇಳದೆ. ಮಸ್ಕತ್ತಿನಿಂದ ಫೋನ್ ಮಾಡುತ್ತಿದ್ದಾಗಿನ ದನಿ. ಮನೆಗೆ ಬಂದ ಮೇಲೆ ನಾನದನ್ನು ಕೇಳಿರಲಿಲ್ಲ.

"ನಾಯಿ ಸಾಕು ಅಂದಿದ್ದೆ ಅಕ್ಕ" ಎಂದು ಶಾಫಿ ನಕ್ಕ. "ಈಗ ರಮಾನಾಥಣ್ಣ ಬಾರದಿದ್ರೆ ಆಗುದಿಲ್ಲ."

ಬೈಯಲು ಹೋದವಳು ಚಾ ಕುಡಿದು ಬಂದೆ.

ಅಂದಿನಿಂದ ಇಬ್ಬರೂ ಸಂಜೆ ಹಸಿದು ಬರುತ್ತಾರೆ, ಉಂಡು ಮಲಗುತ್ತಾರೆ. ಮಲ್ಲಿಗೆ ಚಿಗುರಿತು. ಸಾಸಿವೆ ತನ್ನ ಜಾಗಕ್ಕೆ ಬಂತು. ನನಗೆ ಬೇಕಾದದ್ದು ಇಷ್ಟೇ ಆಗಿತ್ತು.

ಆದರೆ ಶುಕ್ರವಾರ ಶಾಫಿಯ ಗೋದಾಮಿಗೆ ರಜೆ. ಇವರು ಮತ್ತೆ ಆ ಕುರ್ಚಿಯಲ್ಲಿ, ನಾಯಿ ಇವರ ಕಾಲ ಬಳಿ. ಇಬ್ಬರೂ ಗೇಟು ನೋಡುತ್ತ ಕೂತಿದ್ದರು. ಕೂತಿರಲಿ, ನನಗೇನು ಎಂದುಕೊಂಡು ತೆಂಗಿನಕಾಯಿ ತುರಿದೆ. ನೋಡಿಕೊಂಡಿರಲು ಆಗಲಿಲ್ಲ. ಎದ್ದು ಹೋಗಿ ಅಕ್ಕಿಯ ಡ್ರಮ್ಮನ್ನು ಗೋಡೆಯಿಂದ ಈಚೆಗೆ ಎಳೆದೆ. ಹಿಂದೆ ಒಂದು ಜಿರಳೆಯೂ ಇರಲಿಲ್ಲ. ದಿನಾ ಗುಡಿಸುವವಳು ನಾನು.

"ಓ, ಕೇಳಿತಾ? ಡ್ರಮ್ಮಿನ ಹಿಂದೆ ಹೆಗ್ಗಣ ಬಂದ ಹಾಗುಂಟು!"

ಇಬ್ಬರೂ ಓಡಿ ಬಂದರು. ಬುಲೆಟ್ ಮೂಲೆ ಮೂಸಿ, ಸೀನಿ, ನನ್ನ ಮುಖ ನೋಡಿತು. ಅದಕ್ಕೆ ಗೊತ್ತಾಗಿತ್ತು. ಇವರೂ ಟಾರ್ಚ್ ಬಿಟ್ಟು ನೋಡಿ ನನ್ನ ಕಡೆ ತಿರುಗಿದರು.

"ಎಲ್ಲಿ ಉಂಟು?"

"ಇರ್ಬಹುದು, ಸರಿಯಾಗಿ ನೋಡಿ. ನೀವು ಇಲ್ಲದಿದ್ರೆ ನನಗೆ ಇದೆಲ್ಲ ಆಗ್ತದಾ?"

ಇವರು ಟಾರ್ಚ್ ಆರಿಸಿದರು. ಆಮೇಲೆ ಲುಂಗಿ ಎತ್ತಿ ಕಟ್ಟಿ, ಸಾಸಿವೆ ಡಬ್ಬ ಇದ್ದ ಮೇಲಿನ ಸಾಲಿಗೆ ಕೈಹಾಕಿದರು.

"ಹಾಗಾದ್ರೆ ಮೊದಲು ಈ ಡಬ್ಬ ಎಲ್ಲ ಇಳಿಸ್ಬೇಕು."

"ಇಳಿಸಿ" ಎಂದೆ, ಹಲ್ಲು ಕಚ್ಚಿಕೊಂಡು.