ಎರಡನೆಯ ರುಜು

ನನ್ನ ಸ್ನೇಹಿತ ಕಳೆದ ತಿಂಗಳು ಹನ್ನೊಂದನೆಯ ತಾರೀಕು ಬೆಳಿಗ್ಗೆ, ಒಂಬತ್ತಕ್ಕೂ ಹತ್ತಕ್ಕೂ ನಡುವೆ ಯಾವಾಗಲೋ, ತನ್ನ ಅಕ್ಕನ ಮನೆಯ ಬೆತ್ತದ ಕುರ್ಚಿಯಲ್ಲಿ ಕೂತಲ್ಲೇ ತೀರಿಕೊಂಡ. ಹೃದಯ ನಿಂತಿತ್ತು. ಅವನಿಗೆ ಐವತ್ತೊಂಬತ್ತು ವರ್ಷ.

ಅವನನ್ನು ಎಲ್ಲರೂ ತಡಿಯಪ್ಪ ಎಂದೇ ಕರೆಯುತ್ತಿದ್ದೆವು. ಅದು ಹೆತ್ತವರಿಟ್ಟ ಹೆಸರಲ್ಲ, ದಿನಕ್ಕೆ ನೂರು ಸಲ ಅವನ ಬಾಯಿಂದ ಬರುತ್ತಿದ್ದ ಮಾತು. ಲೋಕದಲ್ಲಿ ಯಾವ ಎರಡು ವಸ್ತುಗಳು ಒಂದಕ್ಕೊಂದು ಸೇರಲು ಹೊರಟರೂ ಅವನು ನಡುವೆ ಕೈ ಒಡ್ಡಿ "ತಡಿಯಪ್ಪ, ನೋಡೋಣ" ಎನ್ನುತ್ತಿದ್ದ. ಸೀಸೆಗೆ ಮುಚ್ಚಳ, ನಲ್ಲಿಗೆ ಕೊಳವೆ, ಪೆನ್ನಿಗೆ ಕಡ್ಡಿ, ಯಾವುದಕ್ಕೂ ವಿನಾಯಿತಿ ಇರಲಿಲ್ಲ. ಒಮ್ಮೆ ನಮ್ಮ ಮನೆಯಲ್ಲಿ ಬಲ್ಬು ಬದಲಾಯಿಸಲು ಸ್ಟೂಲು ಹತ್ತಿದ್ದ ನನ್ನ ಹೆಂಡತಿಯನ್ನು ಹೀಗೆಯೇ ತಡೆದು, ಹೋಲ್ಡರಿನ ಮೇಲಿನ ಸಣ್ಣಕ್ಷರ ಓದಲು ಕನ್ನಡಕ ಹುಡುಕುತ್ತ ಹೋದ. "ನಿಮ್ಮ ಸ್ನೇಹಿತರು ಒಪ್ಪಿಗೆ ಪತ್ರ ತರೋವರೆಗೂ ನಾನು ಇಲ್ಲೇ ನಿಂತಿರ್ಲಾ?" ಎಂದಳು ಅವಳು. ನಿಂತೇ ಇದ್ದಳು. ಅವನಿಗೆ ಎದುರಾಡಿದವರು ಉಂಟು, ಅವನನ್ನು ಮೀರಿದವರಿಲ್ಲ.

ಮೂವತ್ತೊಂದು ವರ್ಷ ಅವನು ಆಸ್ಪತ್ರೆಯ ರಕ್ತನಿಧಿಯಲ್ಲಿ ಕೆಲಸ ಮಾಡಿದ. ಕೊಡುವವರ ರಕ್ತದ ಹನಿಯನ್ನೂ ಪಡೆಯುವವರ ರಕ್ತದ ಹನಿಯನ್ನೂ ಸೇರಿಸಿ, ಗಾಜಿನ ಮೇಲೆ ಅವು ಜಗಳವಾಡುತ್ತವೆಯೋ ಬಾಳುತ್ತವೆಯೋ ಎಂದು ನೋಡುವುದು ಅವನ ಕಸುಬು. ಆ ಕಸುಬು ಅವನ ನಡಿಗೆಗೂ ಇಳಿದಿತ್ತು: ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಕೈ ಬೀಸದೆ, ಗಾಜಿನ ನಳಿಗೆಗಳ ತಟ್ಟೆ ಹೊತ್ತವನಂತೆ ಜನಜಂಗುಳಿಯ ನಡುವೆಯೂ ನಡೆಯುತ್ತಿದ್ದ. ಅವನ ಕೈಯಿಂದ ತಪ್ಪು ಚೀಲ ಒಂದೇ ಒಂದು ಹೊರಗೆ ಹೋಗಲಿಲ್ಲ. ಇದನ್ನು ಅವನು ಎಂದೂ ಹೇಳಿಕೊಳ್ಳಲಿಲ್ಲವಾದ್ದರಿಂದ ನಾನು ಇಲ್ಲಿ ಹೇಳುತ್ತಿದ್ದೇನೆ.

ಕಂಪ್ಯೂಟರಿಗೆ ಅವನು ಬಂದದ್ದು ಅಕ್ಕನಿಂದ. ಅಕ್ಕ ಇಪ್ಪತ್ತಾರು ವರ್ಷ ಹದಿನೇಳನೆಯ ನಂಬರಿನ ಬಸ್ಸು ಓಡಿಸಿದವಳು. ಸೊಂಟದ ಮೂಳೆ ಮುರಿದು ಮನೆಯಲ್ಲಿ ಕೂತ ಮೇಲೆ ಕಿಟಕಿಯಾಚೆ ಹಾರ್ನು ಕೇಳಿದರೆ ಅವಳ ಬಲಗಾಲು ತಾನಾಗಿಯೇ ಬ್ರೇಕು ಒತ್ತುತ್ತಿತ್ತು. ಯಾರೋ ಬಸ್ಸು ಓಡಿಸುವ ಆಟವೊಂದನ್ನು ತೋರಿಸಿದರು. ಅಂಗಡಿಯಿಂದ ತಂದ ಸಿದ್ಧ ಕಂಪ್ಯೂಟರು ಪ್ರತಿ ತಿರುವಿನಲ್ಲೂ ತಡವರಿಸುತ್ತಿತ್ತು. "ಇದೇನೋ ಇದು, ಬಸ್ಸಾ, ಬಿಕ್ಕಳಿಕೆನಾ?" ಎಂದಳು ಅಕ್ಕ. ತಮ್ಮ ಅಂದೇ ಬಿಳಿ ಕೋಟಿನ ಜೇಬಿಗೆ ಉಕ್ಕಿನ ಅಳತೆಪಟ್ಟಿ ಸಿಕ್ಕಿಸಿಕೊಂಡ.

ಆರು ತಿಂಗಳು ಓದಿದ. ನನಗೂ ಪಾಠವಾಯಿತು. "ನೋಡು, ಬೋರ್ಡು ಅನ್ನೋದು ಮನೆ. ಪ್ರೊಸೆಸರು ಯಜಮಾನ. ಪವರ್ ಸಪ್ಲೈ ಅಡುಗೆಮನೆ. ಗ್ರಾಫಿಕ್ಸ್ ಕಾರ್ಡು ಅಳಿಯ: ಜಾಗ ಜಾಸ್ತಿ ಬೇಕು, ಊಟ ಜಾಸ್ತಿ ಬೇಕು, ತಲೆ ಬೇಗ ಬಿಸಿ ಆಗುತ್ತೆ. ಅಳಿಯನ್ನ ನೋಡಿ ಅಡುಗೆಮನೆ ಕಟ್ಟಬೇಕು, ಗೊತ್ತಾಯ್ತಾ?" ಅಂಗಡಿಯವನು ಕಾರ್ಡುಗಳಲ್ಲೇ ಭಾರಿಯದೊಂದನ್ನು ಗಾಜಿನ ಮೇಲಿಟ್ಟು ವರ್ಣಿಸುತ್ತಿದ್ದಾಗ ಇವನು ಅಳತೆಪಟ್ಟಿ ತೆಗೆದು ಅಳೆದ. ಎಲ್ಲವನ್ನೂ ಕೂರಿಸಬೇಕಾದ ಕ್ಯಾಬಿನೆಟ್ಟಿನ ಹೊಟ್ಟೆಗಿಂತ ಒಂದು ಬೆರಳು ಉದ್ದ.

"ಸ್ವಲ್ಪ ಅಡ್ಜಸ್ಟ್ ಆಗುತ್ತೆ ಸರ್."

"ಅಡ್ಜಸ್ಟ್ ಮನುಷ್ಯರು ಆಗಬೇಕು, ತಗಡು ಆಗಲ್ಲ."

ಜೋಡಿಸುವ ದಿನ ಬಿಳಿ ಕೋಟು ಹಾಕಿಕೊಂಡು, ಮೈಯಲ್ಲಿದ್ದ ವಿದ್ಯುತ್ತು ಇಳಿಯಲೆಂದು ಬಚ್ಚಲಿನ ಹಿತ್ತಾಳೆ ನಲ್ಲಿ ಮುಟ್ಟಿ ಬಂದು, ಒಂದೊಂದೇ ಬಿಡಿಭಾಗವನ್ನು ಕೂರಿಸಿದ. ಗುಂಡಿ ಒತ್ತಿದೊಡನೆ ಅಕ್ಕನ ಬಸ್ಸು ತಿರುವಿನಲ್ಲಿ ನೀರಿನಂತೆ ಹರಿಯಿತು. ಅವಳು ಮೇಜಿಗೆ ಸಿಕ್ಕಿಸಿದ್ದ ಆಟದ ಸ್ಟಿಯರಿಂಗನ್ನು ಸವರಿದಳು. ಅಂದಿನಿಂದ ಅವನಿಗೆ ನಲ್ಲಿ ಮುಟ್ಟುವ ಚಟ ಹತ್ತಿತು. ನಮ್ಮ ಮನೆಗೆ ಬಂದರೂ ಮೊದಲು ನಲ್ಲಿ, ಆಮೇಲೆ ನಾವು.

ಅಕ್ಕ ಬರೀ ಓಡಿಸಲಿಲ್ಲ. ಆ ಆಟದಲ್ಲಿ ನಾವೇ ರಸ್ತೆ ಕಟ್ಟಬಹುದು. ಎರಡು ವರ್ಷ ಕೂತು ಅವಳು ತನ್ನ ಹದಿನೇಳನೆಯ ನಂಬರಿನ ದಾರಿಯನ್ನು ಇಡಿಯಾಗಿ ಕಟ್ಟಿದಳು. ಅರವತ್ತೆರಡು ನಿಲ್ದಾಣ, ವಾಲಿದ ದೀಪದ ಕಂಬ, ಮುಚ್ಚಿಹೋದ ಚಿತ್ರಮಂದಿರ, ತಮ್ಮ ಬೆಳಿಗ್ಗೆ ಇಳಿಯುತ್ತಿದ್ದ ಆಸ್ಪತ್ರೆಯ ಗೇಟು.

ಆಮೇಲೆ ತಪ್ಪಾಯಿತು. ಹೊಸ ಅಳಿಯ ಬಂದ, ಅಂದರೆ ಹೆಚ್ಚು ಹಸಿವಿನ ಕಾರ್ಡು, ಅದಕ್ಕಾಗಿ ಅಡುಗೆಮನೆಯೂ ಹೊಸದಾಯಿತು. ಆದರೆ ಹಳೆಯ ಪವರ್ ಸಪ್ಲೈಯ ತಂತಿಗಳನ್ನು ಅವನು ಕ್ಯಾಬಿನೆಟ್ಟಿನ ಬೆನ್ನಿಗೆ ಜಡೆ ಹೆಣೆದಂತೆ ಹೆಣೆದು ಕಟ್ಟಿದ್ದ. ಬಿಚ್ಚಲು ಮನಸ್ಸಾಗಲಿಲ್ಲ. ಹಳೆಯ ತಂತಿಯ ತುದಿಯನ್ನು ಹೊಸ ಪವರ್ ಸಪ್ಲೈ ಪೆಟ್ಟಿಗೆಗೆ ಒತ್ತಿದ. ಟಕ್ ಎಂದು ಕೂತಿತು. ಆಕಾರ ಒಂದೇ, ಒಳಗಿನ ಎಳೆಗಳ ಸಾಲು ಮಾತ್ರ ಬೇರೆ. ಐದು ವೋಲ್ಟಿನ ದಾರಿಯಲ್ಲಿ ಹನ್ನೆರಡು ಹರಿದು, ಅಕ್ಕನ ರಸ್ತೆಯನ್ನೆಲ್ಲ ಉಳಿಸಿಟ್ಟಿದ್ದ ಡಿಸ್ಕು ಸುಟ್ಟಿತು. ನೂಲಿನಷ್ಟು ಹೊಗೆ ಎದ್ದಿತು, ಅಷ್ಟೇ. ಅರವತ್ತೆರಡು ನಿಲ್ದಾಣಗಳೂ ಹೋದವು. ಹತ್ತು ರಿಪೇರಿ ಅಂಗಡಿ ಅಲೆದ, ಯಾರ ಕೈಲೂ ಆಗಲಿಲ್ಲ.

ಅವನು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಕೂತಿತು ಕಣೋ. ಕೂತಿತು ಅಂತ ಒಪ್ಪಿತು ಅಂದುಕೊಂಡೆ. ರಕ್ತ ಯಾವ ನಾಳದಲ್ಲಿ ಬೇಕಾದ್ರೂ ಹರಿಯುತ್ತೆ, ಹರಿಯೋದು ಬೇರೆ, ಒಪ್ಪೋದು ಬೇರೆ. ನನಗೇ ಗೊತ್ತಿರಲಿಲ್ವಾ?"

ಅಕ್ಕ ಕೋಲೂರಿಕೊಂಡು ಬಂದು ಅವನ ಮುಂದೆ ನಿಂತಳು. "ಬಸ್ಸಲ್ಲಿ ಯಾರಾದ್ರೂ ಇದ್ರೇನೋ?"

"ಇಲ್ಲ."

"ಮತ್ತೆ? ಗಾಡಿ ಹೋಯ್ತು, ಜನ ಉಳಿದ್ರು. ಏಳು, ಮುಖ ತೊಳ್ಕೋ. ಮೊದಲನೇ ಸ್ಟಾಪಿಂದ ಶುರು ಮಾಡೋಣ."

ಶುರು ಮಾಡಿದರು. "ನನ್ನ ಕೈಯಿಂದ ಇನ್ನೊಂದು ಸಲ ನಿನ್ನ ರಸ್ತೆ ಹೋಗಲ್ಲ" ಎಂದು ಅವನು ಅಕ್ಕನಿಗೆ ಮಾತು ಕೊಟ್ಟ. ರಸ್ತೆಗೆ ಮೂರು ಕಡೆ ನಕಲು ಇಟ್ಟ, ಆದರೂ "ನಕಲು ಇದೆ ಅಂತ ತಪ್ಪು ಮಾಡೋಕೆ ಪರವಾನಗಿ ಸಿಗಲ್ಲ" ಎನ್ನುತ್ತಿದ್ದ. ರಕ್ತನಿಧಿಯ ಕಾನೂನನ್ನೇ ಮನೆಗೆ ತಂದ: ಪ್ರತಿ ತಂತಿಗೂ ಒಂದು ಚೀಟಿ, ಯಾವ ಪೆಟ್ಟಿಗೆಯದು, ಎಲ್ಲಿಂದ ಎಲ್ಲಿಗೆ ಎಂಬ ಬರಹ, ಕೆಳಗೆ ಎರಡು ರುಜುವಿಗೆ ಜಾಗ. ಒಬ್ಬರು ಬರೆಯಬೇಕು, ಇನ್ನೊಬ್ಬರು ಪೆಟ್ಟಿಗೆಯನ್ನೂ ಚೀಟಿಯನ್ನೂ ಗಟ್ಟಿಯಾಗಿ ಓದಿ ರುಜು ಹಾಕಬೇಕು. ಎರಡೂ ಬೀಳುವ ತನಕ ಯಾವ ತಂತಿಯೂ ಒಳಗೆ ಹೋಗಕೂಡದು.

ಓದುವವನು ನಾನಾದೆ. ಮುದ್ರಣಾಲಯದಲ್ಲಿ ಕರಡು ತಿದ್ದುವ ನನಗೆ ಇದೆಲ್ಲ ಏನು ತಿಳಿಯುತ್ತದೆ ಎಂದರೆ ನಕ್ಕ. "ತಿಳಿಯದೇ ಇರೋದೇ ಒಳ್ಳೇದು. ತಿಳಿದೋನು ಓದಲ್ಲ, ಊಹಿಸ್ತಾನೆ." ನನ್ನ ಕಸುಬಿನ ಬಗ್ಗೆ ಇದಕ್ಕಿಂತ ನಿಜವಾದ ಮಾತನ್ನು ನಾನು ಪುಸ್ತಕಗಳಲ್ಲಿ ಕಂಡಿಲ್ಲ.

ಮೂರು ವರ್ಷದಲ್ಲಿ ರಸ್ತೆ ಮತ್ತೆ ಅರವತ್ತೆರಡನ್ನು ಮುಟ್ಟಿತು. ಅಷ್ಟರಲ್ಲಿ ಪವರ್ ಸಪ್ಲೈಯ ಫ್ಯಾನು ಗೊರಕೆ ಹೊಡೆಯತೊಡಗಿತು. ಹನ್ನೊಂದನೆಯ ತಾರೀಕು ಬೆಳಿಗ್ಗೆ ಹೊಸದನ್ನು ಕೂರಿಸಲು ನನ್ನನ್ನು ಕರೆದ. ಅಕ್ಕ ಸೊಂಟದ ವ್ಯಾಯಾಮಕ್ಕೆ ಹೋಗಿದ್ದಳು. ಅವನು ಚೀಟಿ ಬರೆದ, ನಾನು ಓದಿ ರುಜು ಹಾಕಿದೆ, ಒಂದೊಂದಾಗಿ ತಂತಿಗಳು ಒಳಗೆ ಹೋದವು. ಡಿಸ್ಕಿನದನ್ನು ಅವನು ಯಾವಾಗಲೂ ಕೊನೆಗಿಡುತ್ತಿದ್ದ. ನನಗೆ ಕೆಲಸಕ್ಕೆ ಹೊತ್ತಾಗಿತ್ತು.

"ಐದು ನಿಮಿಷ ತಡಿಯಪ್ಪ, ಇದೊಂದು ಬರೀತೀನಿ."

"ಇದೊಂದು ತಾನೆ, ನೀನೇ ಓದಿ ಹಾಕ್ಕೊಳೋ."

ಅವನು ಬೇಸರಿಸಲಿಲ್ಲ. "ಹೋಗು, ನಿನ್ನ ಬಸ್ಸು ಹೋಗುತ್ತೆ. ಅಕ್ಕ ಬಂದು ಓದ್ತಾಳೆ" ಎಂದ. ನಾನು ಹೋದೆ.

ಎಲ್ಲ ಮುಗಿದು ಎರಡು ವಾರವಾದ ಮೇಲೆ ಅಕ್ಕ ಫೋನು ಮಾಡಿ "ಬಾ, ಓದು" ಎಂದಳು. ಕ್ಯಾಬಿನೆಟ್ಟು ಅಂದಿನಂತೆಯೇ ತೆರೆದಿತ್ತು. ಅವನ ಅಂಕುಡೊಂಕು ಅಕ್ಷರಗಳನ್ನು ಗಟ್ಟಿಯಾಗಿ ಓದಿದೆ. ಪೆಟ್ಟಿಗೆಯ ಮೇಲಿನದನ್ನೂ ಓದಿದೆ. ಎರಡೂ ಒಂದೇ. ರುಜು ಹಾಕಿದೆ. ಅಕ್ಕ ಕೋಲೂರಿ ಹೋಗಿ ನಲ್ಲಿ ಮುಟ್ಟಿ ಬಂದು ತಂತಿಯನ್ನು ಒತ್ತಿದಳು, ಗುಂಡಿ ಒತ್ತಿದಳು. ರಸ್ತೆ ಇತ್ತು. ಒಂದು ಕಂಬವೂ ಕದಲಿರಲಿಲ್ಲ. ಆಸ್ಪತ್ರೆಯ ನಿಲ್ದಾಣದಲ್ಲಿ ಅವಳು ಬಸ್ಸನ್ನು ಹೊತ್ತಿಗಿಂತ ಹೆಚ್ಚು ನಿಲ್ಲಿಸಿದಳು. "ಅವನು ಇಳಿಯೋದು ಯಾವಾಗ್ಲೂ ನಿಧಾನ" ಎಂದಳು.

ಜಾಣರು ಜಗತ್ತಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ತಮಗೆ ಗೊತ್ತಿದೆ ಎಂದು ಗೊತ್ತಿದ್ದೂ ಇನ್ನೊಬ್ಬರ ಕಣ್ಣಿಗಾಗಿ ಕಾಯುವವರು ಕಡಿಮೆ. ನಾವು ಅವರನ್ನು ನಿಧಾನಿಗಳೆಂದು ಹಾಸ್ಯ ಮಾಡುತ್ತೇವೆ, ಅಡ್ಡಹೆಸರಿಡುತ್ತೇವೆ, ಅವರು ಪರೀಕ್ಷಿಸಿ ಕೊಟ್ಟ ರಕ್ತದಿಂದ ಬದುಕಿ ಮನೆಗೆ ಹೋಗುತ್ತೇವೆ. ಅವರ ಕೆಲಸ ಕಣ್ಣಿಗೆ ಕಾಣುವುದಿಲ್ಲ, ಏಕೆಂದರೆ ಆಗದೇ ಹೋದ ಅನಾಹುತಗಳೇ ಅವರ ಸಾಧನೆ. ಅಂಥವನೊಬ್ಬನ ಎರಡನೆಯ ರುಜು ನನ್ನದಾಗಿತ್ತು ಎಂಬುದು ನನಗೆ ಹೆಮ್ಮೆ.

ಆ ಬೆಳಿಗ್ಗೆ ಹತ್ತು ದಾಟಿ ಅಕ್ಕ ಬಾಗಿಲು ತೆರೆದಾಗ ಆ ಕೊನೆಯ ತಂತಿ ಅವನ ತೊಡೆಯ ಮೇಲಿತ್ತು. ಒಂದು ಮಾರು ದೂರದಲ್ಲಿ ಅದರ ಜಾಗ ಖಾಲಿಯಾಗಿಯೇ ಇತ್ತು. ಅವನು ಚೀಟಿ ಬರೆದಿದ್ದ, ತನ್ನ ರುಜು ಹಾಕಿದ್ದ, ಪಕ್ಕದಲ್ಲಿ ಇನ್ನೊಂದಕ್ಕೆ ಜಾಗ ಬಿಟ್ಟು, ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿಕೊಂಡು, ಕಾದಿದ್ದ.