ಬರ್ತೀನಿ ಅಂದಿದ್ದಾಳೆ

ಮನೆಯಿಂದ ಹೊರಡುವವರು ‘ಹೋಗ್ತೀನಿ’ ಅನ್ನಬಾರದು ಎಂದು ನಮಗೆಲ್ಲ ಚಿಕ್ಕಂದಿನಲ್ಲೇ ಕಲಿಸಿದ ಪುಣ್ಯಾತ್ಮರು ಯಾರೋ, ಅವರನ್ನು ಹಿಡಿದು ತಂದು ಈ ಮನೆಯ ನಡುಕೋಣೆಯಲ್ಲಿ ಒಂದು ದಿನ ಕೂರಿಸಬೇಕಿತ್ತು. ಹೋಗುವವಳು ಹೋಗ್ತೀನಿ ಅಂದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

ಅಣ್ಣ ನೆಲಕ್ಕೆ ಟೈಲ್ಸ್ ಹಾಕುವ ಕೆಲಸದವನು. ಯಾರ ಮನೆಗೆ ಹೋದರೂ ಮೊದಲು ಗೋಡೆಯ ಮೂಲೆ ನೇರವಾಗಿದೆಯೇ ಎಂದು ನೋಡುವ ಚಟ ಅವನಿಗೆ. ಹಾಗಾಗಿ ಜೊತೆಯವರು ಅವನನ್ನು ಮೂಲೆಮಟ್ಟ ಎಂದೇ ಕರೆಯುತ್ತಿದ್ದರು. ಹನ್ನೊಂದು ವರ್ಷ ಅವನ ಜೊತೆ ಬಾಳಿದ ಅತ್ತಿಗೆ ಹೋದ ಬೇಸಿಗೆಯಲ್ಲಿ ಒಂದು ಪೆಟ್ಟಿಗೆ ಹಿಡಿದುಕೊಂಡು ಹೋಗಿ ಬೇರೆ ಮನೆ ಮಾಡಿದಳು. ಜಗಳವಿಲ್ಲ, ಕೂಗಾಟವಿಲ್ಲ. ಅಣ್ಣನಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕುವವರಾದರೂ ಇರಲಿ ಎಂದು ಎಂಟು ದಿನದ ಮಟ್ಟಿಗೆ ಬಂದ ತಂಗಿ ಎಂಟು ತಿಂಗಳಾದರೂ ಅಲ್ಲೇ ಇದ್ದಳು. ಕತೆ ಇವಳದೇ. ಯಾಕೆಂದರೆ ಆ ದಿನ ಬಾಗಿಲ ಹತ್ತಿರ ಇದ್ದ ಮೂವರಲ್ಲಿ ಇನ್ನಿಬ್ಬರ ಮಾತೂ ಸರಿಯಾಗಿ ಕೇಳಿಸಿದ್ದು ಇವಳೊಬ್ಬಳಿಗೇ.

ಚಳಿ ಶುರುವಾದಾಗ ಅತ್ತಿಗೆ ತನ್ನ ಉಣ್ಣೆಯ ಕೋಟನ್ನೂ ಹೊಲಿಗೆ ಯಂತ್ರವನ್ನೂ ಒಯ್ಯಲು ಬಂದಿದ್ದಳು. ಹೊರಗೆ ಬಾಡಿಗೆ ಕಾರು ಕಾಯುತ್ತಿತ್ತು. ಅಣ್ಣ ಮೂರು ದಿನದಿಂದ ಬಾಯಿಪಾಠ ಮಾಡಿಟ್ಟುಕೊಂಡಿದ್ದ ಮಾತನ್ನು, ಬೇರೆ ಹೊತ್ತು ಸಿಗದವನಂತೆ, ಅವಳು ಬಗ್ಗಿ ಚಪ್ಪಲಿ ಹಾಕಿಕೊಳ್ಳುವಾಗ ತೆಗೆದ. ಮದುವೆಯಾದ ಹೊಸದರಲ್ಲಿ ಅವಳು ಕ್ಯಾಲೆಂಡರಿನ ಚಿತ್ರವೊಂದನ್ನು ತೋರಿಸಿ ಆಸೆಪಟ್ಟಿದ್ದಳಂತೆ: ಯಾವುದೋ ಪರದೇಶ, ವಸಂತಕಾಲ, ರೈಲು ಹಳಿಯ ಉದ್ದಕ್ಕೂ ಎಲೆ ಕಾಣದಷ್ಟು ಹೂಬಿಟ್ಟ ಮರಗಳು. “ಈ ಸಲ ಅಲ್ಲಿಗೆ ಹೋಗೋಣ ಅಂತಿದ್ದೀನಿ. ನೀನೂ ಬರ್ತೀಯಾ?” ಎಂದ. ಅವನು ಬಾಯಿ ತೆರೆಯುವುದಕ್ಕೂ ಕಾರಿನವನು ಹಾರ್ನ್ ಒತ್ತುವುದಕ್ಕೂ ಸರಿಹೋಯಿತು. ಅತ್ತಿಗೆ ಚಪ್ಪಲಿಯ ಪಟ್ಟಿ ಬಿಗಿದು, ಯಂತ್ರ ಎತ್ತಿಕೊಂಡು, ಮೊದಲು ತಂಗಿಯ ಕಡೆ, ಆಮೇಲೆ ಅಣ್ಣನ ಕಡೆ ತಲೆಯಾಡಿಸಿ, “ಸರಿ, ನಾನು ಬರ್ತೀನಿ” ಎಂದು ಮೆಟ್ಟಿಲಿಳಿದಳು.

ಕಾರು ತಿರುವು ದಾಟುವವರೆಗೂ ಅಣ್ಣ ಬಾಗಿಲಲ್ಲೇ ನಿಂತಿದ್ದ. ಆಮೇಲೆ ಒಳಗೆ ಬಂದು ತಂಗಿಯ ಮುಖ ನೋಡಿ, “ಬರ್ತೀನಿ ಅಂದ್ಲು, ಕೇಳಿಸ್ತಾ?” ಎಂದ. ಆ ಕ್ಷಣದಲ್ಲಿ ಹೇಳಿಬಿಡಬೇಕಿತ್ತು. ಅಯ್ಯೋ ಹುಚ್ಚಣ್ಣ, ಅದು ಹೊರಟವರ ಮಾತು ಕಣೋ ಎಂದು ನಕ್ಕುಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನಾಲ್ಕು ತಿಂಗಳಿಂದ ಗೋಡೆಯಂತಿದ್ದ ಆ ಮುಖದಲ್ಲಿ ಏನೋ ಒಂದು ಅಲುಗಾಡಿದ್ದನ್ನು ಅವಳು ಕಂಡಳು. ನಾಳೆ ಹೇಳಿದರಾಯಿತು ಅಂದುಕೊಂಡಳು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಗುವುದು ಹೀಗೇ.

ಅವಳ ಕೆಲಸವೇನು ಗೊತ್ತೇ? ಹಲ್ಲಿನ ಆಸ್ಪತ್ರೆಯ ಮುಂದಿನ ಮೇಜಿನಲ್ಲಿ ಕೂರುವುದು. ಬೆಳಗಿನಿಂದ ಸಂಜೆಯ ತನಕ ಗುರುತಿಲ್ಲದವರ ಮುಖಕ್ಕೇ, ನಿಮ್ಮ ಹಲ್ಲು ಉಳಿಯಲ್ಲವಂತೆ, ಡಾಕ್ಟರು ಇವತ್ತು ಬರಲ್ಲ, ನೋವು ಇನ್ನೆರಡು ದಿನ ಇರುತ್ತೆ ಎಂದು ಸಲೀಸಾಗಿ ಹೇಳುವವಳು. ಊರಿಗೆಲ್ಲ ಹೇಳುವ ಆ ನಾಲಿಗೆ ಮನೆಗೆ ಬಂದರೆ ಸತ್ತುಬೀಳುತ್ತಿತ್ತು.

ಅಣ್ಣನೋ, ಮರುದಿನವೇ ಶುರು ಹಚ್ಚಿಕೊಂಡ. ಅವನ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಸಿಮೆಂಟು ಕಲಸುವ ಮುಂಚೆ ಟೈಲ್ಸನ್ನೆಲ್ಲ ಬರಿಯ ನೆಲದ ಮೇಲೆ ಒಣದಾಗಿ ಜೋಡಿಸಿ ನೋಡುವುದು. ಎಲ್ಲಿ ತುಂಡು ಬರುತ್ತೆ, ಎಲ್ಲಿ ಸಾಲು ಓರೆಯಾಗುತ್ತೆ ಎಂದು ತಿಳಿದ ಮೇಲೆಯೇ ಅಂಟಿಸುವುದು. ಪ್ರವಾಸವನ್ನೂ ಹಾಗೇ ಜೋಡಿಸತೊಡಗಿದ. ಟೈಲ್ಸ್ ಬರುವ ಡಬ್ಬಿಗಳ ರಟ್ಟು ಕತ್ತರಿಸಿ, ಒಂದೊಂದು ರೈಲಿಗೆ ಒಂದೊಂದು ಉದ್ದದ ಪಟ್ಟಿ, ಒಂದೊಂದು ಊರಿಗೆ ಒಂದೊಂದು ಚೌಕ. ಆರು ಊರು, ಹದಿಮೂರು ದಿನ. ಆ ದೇಶದಲ್ಲಿ ಹೂವು ಒಂದೇ ಸಲ ಅರಳುವುದಿಲ್ಲವಂತೆ, ದಕ್ಷಿಣದಿಂದ ಉತ್ತರಕ್ಕೆ ದಿನಕ್ಕಿಷ್ಟು ಎಂದು ಏರುತ್ತಾ ಹೋಗುತ್ತದಂತೆ. ಇವರಿಬ್ಬರೂ ರೈಲಿನಲ್ಲಿ ಅದರ ಬೆನ್ನು ಹತ್ತಿ ಹೋಗುವುದು. ಊರುಗಳ ಹೆಸರು ನಾಲಿಗೆಗೆ ಹೊರಳದೆ ಒಂದನೇ ಊರು, ಎರಡನೇ ಊರು ಎಂದೇ ಕರೆದ. ನಡುಕೋಣೆಯ ನೆಲ ತುಂಬಿತು. ತಂಗಿ ಅಡುಗೆಮನೆಗೆ ಹೋಗಬೇಕಾದರೆ ಮೂರನೇ ಊರನ್ನು ದಾಟಿ, ನಾಲ್ಕನೆಯದರ ಪಕ್ಕದಲ್ಲಿ ತುದಿಗಾಲಿನಲ್ಲಿ ಹೋಗಬೇಕಾಯಿತು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವವರನ್ನು ನೋಡಿ ನಗಬಹುದು. ಆದರೆ ಆ ಹೊಲಿಗೆ ಇಷ್ಟು ಚೆನ್ನಾಗಿದ್ದರೆ ಏನು ಮಾಡುವುದು? ಬೆಳಿಗ್ಗೆ ಒಂಬತ್ತಕ್ಕೆ ಮುಂಚಿನ ರೈಲುಗಳನ್ನೆಲ್ಲ ಅಣ್ಣ ತೆಗೆದುಹಾಕಿದ್ದ. ಬೇಗ ಎದ್ದರೆ ಅತ್ತಿಗೆಗೆ ತಲೆನೋವು. ರೈಲು ಬದಲಿಸುವಲ್ಲೆಲ್ಲ ನಲವತ್ತು ನಿಮಿಷ ಬಿಟ್ಟಿದ್ದ. “ಟೈಲ್ಸಿಗೆ ಸಂದು ಬಿಡದೆ ಹೋದ್ರೆ ಬಿಸಿಲಿಗೆ ಎದ್ದು ಬರುತ್ತೆ. ಅವಳಿಗೆ ಮೊಣಕಾಲು ನೋವು, ಓಡಿಸೋಕಾಗುತ್ತಾ?” ಎಂದ. ನದಿ ಯಾವ ಕಡೆಯ ಕಿಟಕಿಗೆ ಕಾಣುತ್ತದೆ ಎಂದು ನಕಾಶೆ ನೋಡಿ ಅವಳ ಸೀಟಿಗೆ ಗುರುತು ಹಾಕಿದ. ಒಂದು ದಿನ ಕಿವಿಯವರೆಗೆ ಕೆಂಪಾಗಿ, ಕೋಣೆಯಲ್ಲಿ ಒಂದೇ ಮಂಚ ಇರಬೇಕೋ ಎರಡೋ ಎಂದು ತಂಗಿಯನ್ನೇ ಕೇಳಿದ. ಅವಳು ಎರಡಿರಲಿ ಎಂದಳು. ಅವನು ಸ್ವಲ್ಪ ಯೋಚಿಸಿ, ಸರಿ, ಆದರೆ ನಡುವೆ ತೀರಾ ದೊಡ್ಡ ಸಂದು ಬೇಡ ಎಂದ.

ಹನ್ನೊಂದು ವರ್ಷದಲ್ಲಿ ಆ ಹೆಂಗಸಿಗೆ ತಲೆನೋವು ಬಂದಾಗ ಒಂದು ಲೋಟ ನೀರು ಕೊಟ್ಟಿದ್ದನೋ ಇಲ್ಲವೋ, ಈಗ ಅವಳಿಲ್ಲದ ಮನೆಯಲ್ಲಿ ಅವಳ ಮೊಣಕಾಲಿನ ಚಿಂತೆ. ತಂಗಿಗೆ ಸಿಟ್ಟು ಬರುತ್ತಿತ್ತು. ಸಿಟ್ಟಿನ ಹಿಂದೆಯೇ ಅಳು ಬರುತ್ತಿತ್ತು.

ಅವಳು ಪ್ರಯತ್ನಪಡಲಿಲ್ಲ ಎಂದಲ್ಲ. ಅತ್ತಿಗೆ ಆವತ್ತು ತುಂಬಾ ಅವಸರದಲ್ಲಿದ್ದರು ಎಂದು ಒಮ್ಮೆ ಮೆಲ್ಲಗೆ ಎತ್ತಿದಳು. ಅವಸರದಲ್ಲಿ ಬಾಯಿಗೆ ಬಂದದ್ದೇ ಮನಸ್ಸಿನ ಮಾತು ಎಂದು ಅಣ್ಣ ಅದನ್ನೂ ತನ್ನ ಕಡೆಗೇ ಎಳೆದುಕೊಂಡ. ಒಂದು ಫೋನ್ ಮಾಡಿ ಖಚಿತ ಮಾಡಿಕೋ ಎಂದಳು. ಒಂದು ಸಲ ಹೇಳಿದ್ದನ್ನು ಮತ್ತೆ ಮತ್ತೆ ಕೇಳಿಯೇ ಅವಳಿಗೆ ನನ್ನ ಮೇಲೆ ಬೇಜಾರಾಗಿದ್ದು, ಈ ಸಲ ಕೇಳಲ್ಲ, ನಂಬುತ್ತೀನಿ ಎಂದ. ಅದಕ್ಕೆ ಯಾರು ಏನು ಹೇಳಬೇಕು? ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವಳ ಹಾಗೆ ನುಂಗಲೂ ಆಗದೆ ಉಗುಳಲೂ ಆಗದೆ ತಂಗಿ ದಿನ ತಳ್ಳಿದಳು. ಒಂದು ಮಾತು ಮಾತ್ರ ನಿಜ. ಆ ನಾಲ್ಕು ತಿಂಗಳು ಅಣ್ಣ ಹೊಟ್ಟೆತುಂಬ ಉಂಡ, ಗಡ್ಡ ಬೋಳಿಸಿದ, ಕೆಲಸಕ್ಕೆ ಹೋಗುವಾಗ ಸಿಳ್ಳೆ ಹಾಕಿದ. ಅವನು ಹಾಗಿರುವುದನ್ನು ನೋಡಲು ಅವಳಿಗೂ ಆಸೆಯಾಗಿತ್ತು.

ಕೊನೆಗೆ ಟಿಕೆಟ್ ತೆಗೆಯುವ ದಿನ ಬಂತು. ಆ ರೈಲುಗಳಿಗೆ ಇಬ್ಬರ ಹೆಸರೂ ಪಾಸ್‌ಪೋರ್ಟ್ ನಂಬರೂ ಬೇಕು, ಸಂಜೆ ಆರರೊಳಗೆ ತುಂಬದಿದ್ದರೆ ಕಿಟಕಿ ಸೀಟು ಸಿಗುವುದಿಲ್ಲ. ತಾನು ಹೋದರೆ ಅತ್ತಿಗೆಗೆ ಒತ್ತಾಯ ಮಾಡಿದ ಹಾಗಾಗುತ್ತದೆ ಎಂದು ಅಣ್ಣ ತಂಗಿಯನ್ನೇ ಕಳಿಸಿದ. ನಂಬರು ಬರೆದುಕೊಂಡು ಬರಲು ಒಂದು ರಟ್ಟಿನ ತುಂಡನ್ನೂ ಕೊಟ್ಟ. ಅದರ ಅಂಚನ್ನು ಮರಳುಕಾಗದದಿಂದ ಉಜ್ಜಿ ನಯ ಮಾಡಿದ್ದ.

ಅತ್ತಿಗೆ ಕೆಲಸ ಮಾಡುವುದು ಬಟ್ಟೆ ಒಗೆದು ಇಸ್ತ್ರಿ ಮಾಡಿ ಕೊಡುವ ದೊಡ್ಡ ಅಂಗಡಿಯಲ್ಲಿ. ಬಂದ ಬಟ್ಟೆಗೆಲ್ಲ ನಂಬರಿನ ಚೀಟಿ ಚುಚ್ಚುವುದು, ಜೇಬುಗಳನ್ನು ತಡಕಿ ಮರೆತುಬಿಟ್ಟದ್ದನ್ನು ತೆಗೆದಿಡುವುದು ಅವಳ ಪಾಲಿನ ಕೆಲಸ. ಮಧ್ಯಾಹ್ನ ತಂಗಿ ಹೋದಾಗ ಒಳಗೆಲ್ಲ ಹಬೆ. ಅತ್ತಿಗೆ ಯಾರದೋ ಮದುವೆಯ ಕೋಟಿನ ಜೇಬಿಗೆ ಕೈ ಹಾಕಿದ್ದಳು. ತಂಗಿಯನ್ನು ಕಂಡು ನಿಜವಾಗಿಯೂ ಸಂತೋಷಪಟ್ಟಳು. ಸ್ಟೂಲು ಎಳೆದು ಕೂರಿಸಿದಳು, ಚಹಾ ತರಿಸಿದಳು, ಸೊರಗಿದ್ದೀಯ ಎಂದು ಗದರಿದಳು. ತಂಗಿ ಅರ್ಧ ಚಹಾ ಕುಡಿಯುವ ತನಕ ತಡೆದು, ಆಮೇಲೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು: ಆರು ಊರು, ಹೂವು, ನಲವತ್ತು ನಿಮಿಷ, ಕಿಟಕಿ ಸೀಟು.

ಅತ್ತಿಗೆ ಮೊದಲು ನಕ್ಕಳು. “ನಾನ್ಯಾವಾಗ ಅಂದೆ?” ಎಂದಳು. ಬಾಗಿಲು, ಚಪ್ಪಲಿ, ಹಾರ್ನ್ ಎಂದು ತಂಗಿ ನೆನಪಿಸಿದ ಮೇಲೆ ಅವಳ ನಗು ನಿಂತಿತು. ಅಣ್ಣ ಏನೋ ಕೇಳಿದ್ದು ಅವಳ ಕಿವಿಗೇ ಬಿದ್ದಿರಲಿಲ್ಲ. ಕೈಯಲ್ಲಿದ್ದ ಕೋಟನ್ನು ಮಡಿಚಿದಳು, ಬಿಚ್ಚಿದಳು, ಮತ್ತೆ ಮಡಿಚಿದಳು.

“ಹನ್ನೊಂದು ವರ್ಷ ನಾನು ಹೇಳಿದ್ದೆಲ್ಲ ಹೀಗೇ ಕೇಳಿಸ್ಕೊಂಡ್ರು,” ಎಂದಳು. “ಸುಸ್ತಾಗಿದೆ ಅಂದ್ರೆ ನಿದ್ದೆ ಬಂದಿದೆ ಅಂತ. ನನ್ನನ್ನ ಬಿಟ್ಟುಬಿಡಿ ಅಂದ್ರೆ ಸ್ವಲ್ಪ ಹೊತ್ತು ಮಾತಾಡಿಸ್ಬಾರದು ಅಂತ. ಕೆಟ್ಟವರಲ್ಲ ಅವರು. ನಂಗೆ ಸಾಕಾಗಿದೆ, ಅಷ್ಟೆ.”

ಹಾಗಾದರೆ ಏನು ಹೇಳಲಿ ಎಂದು ತಂಗಿ ಕೇಳಿದಳು. ನೋಡೋಣ ಅಂದರಂತೆ ಎನ್ನಲೇ ಎಂದೂ ಕೇಳಿದಳು. ಅತ್ತಿಗೆ ಗಾಬರಿಯಿಂದ ಅವಳ ಕೈ ಹಿಡಿದುಕೊಂಡಳು. ನೋಡೋಣ ಎಂದರೆ ಆ ಮನುಷ್ಯ ಇನ್ನೆರಡು ಊರು ಸೇರಿಸುತ್ತಾರೆ ಎಂದಳು. “ಬರಲ್ಲ ಅಂತ ಹೇಳು. ನಾನೇ ಹೇಳಿದ್ರೆ ಅದರಲ್ಲೂ ಏನಾದ್ರೂ ಒಂದು ಹುಡುಕ್ತಾರೆ. ನೀನು ಹೇಳಿದ್ರೆ ನಂಬ್ತಾರೆ.” ಹೊರಡುವಾಗ ಬಾಗಿಲ ತನಕ ಬಂದು ಕಣ್ಣೊರೆಸಿಕೊಂಡಳು. ರಟ್ಟಿನ ತುಂಡು ಖಾಲಿಯಾಗಿಯೇ ತಂಗಿಯ ಚೀಲದಲ್ಲಿ ಉಳಿಯಿತು.

ಬಸ್ಸಿನಲ್ಲಿ ಅವಳು ಆ ಮಾತನ್ನು ಹತ್ತು ಥರ ಹೇಳಿ ನೋಡಿದಳು. ಆಸ್ಪತ್ರೆಯಲ್ಲಿ ಹೇಳುವ ಧಾಟಿಯಲ್ಲೂ ನೋಡಿದಳು: ಅತ್ತಿಗೆ ಬರಲ್ಲವಂತೆ, ಕೂತ್ಕೊಳ್ಳಿ. ಯಾವುದೂ ಸರಿಬರಲಿಲ್ಲ. ತಾನೇ ಅವನ ಜೊತೆ ಹೋಗಿಬಿಟ್ಟರೆ ಹೇಗೆ ಎಂಬ ಯೋಚನೆ ಬಂದದ್ದು ಕೊನೆಯ ನಿಲ್ದಾಣದ ಹತ್ತಿರ. ಪಾಸ್‌ಪೋರ್ಟ್ ತನ್ನ ಹತ್ತಿರವೂ ಇದೆ. ರಜೆ ಕೇಳಿದರೆ ಕೊಡುತ್ತಾರೆ. ಹೂವನ್ನು ಅತ್ತಿಗೆಯ ಬದಲು ತಾನು ನೋಡಿದರೆ ಅಣ್ಣನಿಗೆ ಅದೇನು ಸುಖ ಎಂದು ಅವಳಿಗೂ ಗೊತ್ತಿತ್ತು. ಆದರೂ ಕೈಯಲ್ಲಿ ಇನ್ನೇನೂ ಇರಲಿಲ್ಲ. ಬರಿಗೈಯಲ್ಲಿ ಹೋಗಿ ಆ ಮುಖದ ಮುಂದೆ ನಿಲ್ಲುವುದು ಅವಳಿಂದ ಆಗುತ್ತಿರಲಿಲ್ಲ.

ಮನೆಗೆ ಬಂದಾಗ ನಾಲ್ಕು ಗಂಟೆ. ಅಣ್ಣ ಕೆಲಸದ ಮೊಣಕಾಲು ಪಟ್ಟಿ ಕಟ್ಟಿಕೊಂಡೇ ನೆಲದ ಮೇಲೆ, ಗೋಡೆಯ ಕಡೆಗಿದ್ದ ಆರನೇ ಊರಿನ ಹತ್ತಿರ ಬಗ್ಗಿ ಕೂತಿದ್ದ. ಉತ್ತರದಲ್ಲಿ ಚಳಿ ಹೆಚ್ಚಿದ್ದು ಅಲ್ಲಿ ಹೂವು ಎರಡು ದಿನ ತಡವಂತೆ. ಕೊನೆಯ ಪಟ್ಟಿಯನ್ನು ಅಷ್ಟೇ ಅಷ್ಟು ಸರಿಸುತ್ತಿದ್ದ. ತಂಗಿ ಬಾಗಿಲಲ್ಲೇ ನಿಂತಳು. ಚಪ್ಪಲಿ ಬಿಡಲಿಲ್ಲ. ಅತ್ತಿಗೆ ಹೇಳಿಕೊಟ್ಟ ಮಾತು ಹೊರಡಲಿಲ್ಲ. ಅದರ ಬದಲು ಬಾಯಿಗೆ ಬಂದದ್ದೇ ಬೇರೆ.

“ಅಣ್ಣ, ನಾನು ಬರ್ತೀನಿ.”

ಅಣ್ಣ ತಲೆಯೆತ್ತಲಿಲ್ಲ. “ಈಗ ತಾನೆ ಬಂದೆ. ಮತ್ತೆಲ್ಲಿಗೆ ಹೊರಟೆ?” ಎಂದ.

ರಟ್ಟಿನ ಪಟ್ಟಿಯ ಮೇಲಿದ್ದ ಅವನ ಬೆರಳು ಒಂದಿಷ್ಟು ಮುಂದೆ ಹೋಗಿ ನಿಂತಿತು. ತನ್ನ ಬಾಯಿಂದ ಬಂದ ಮಾತನ್ನು ಆಗ ಕೇಳಿಸಿಕೊಂಡವನಂತೆ ಅವನು ಮೆಲ್ಲಗೆ ತಲೆಯೆತ್ತಿದ. ಬಾಗಿಲಲ್ಲಿ ನಿಂತ ತಂಗಿಯನ್ನು ನೋಡಿದ, ಅವಳ ಕಾಲಲ್ಲಿದ್ದ ಚಪ್ಪಲಿಯನ್ನು ನೋಡಿದ. ತುಂಬಾ ಹೊತ್ತು ನೋಡಿದ.

“ಎಲ್ಲಿಗೂ ಹೊರಟಿಲ್ಲ,” ಎಂದಳು ತಂಗಿ. “ನಿನ್ನ ಜೊತೆ ರೈಲಿಗೆ ಬರ್ತೀನಿ ಅಂದೆ. ಅತ್ತಿಗೆ ಬರಲ್ಲ ಅಣ್ಣ.”

ಅದು ಅವನಿಗೆ ಆಗಲೇ ತಲುಪಿತ್ತು. ಸಣ್ಣ ದನಿಯಲ್ಲಿ, “ಆವತ್ತು ನೀನೂ ಇಲ್ಲೇ ಇದ್ದೆಯಲ್ಲ. ನಿಂಗೆ ಹೇಗೆ ಕೇಳಿಸ್ತು?” ಎಂದ.

ಈ ಪ್ರಶ್ನೆ ಬರುತ್ತದೆ ಎಂದು ಅವಳು ಎಣಿಸಿಯೇ ಇರಲಿಲ್ಲ.

“ಹೊರಟವರು ಹೇಳೋ ಹಾಗೆ ಕೇಳಿಸ್ತು.”

“ಆವತ್ತೇ?”

“ಹೂಂ. ಆವತ್ತೇ.”

ಅಣ್ಣ ಬೈಯಲಿಲ್ಲ. ಬೈದಿದ್ದರೆ ಅವಳು ಎದುರು ಮಾತಾಡಬಹುದಿತ್ತು. ನೀನು ಉಂಡೆ, ನಕ್ಕೆ, ಅದನ್ನು ನನ್ನ ಕೈಯಾರೆ ಹೇಗೆ ಕಿತ್ತುಕೊಳ್ಳಲಿ ಎಂದು ಅತ್ತು ಕೇಳಬಹುದಿತ್ತು. ಅವನು ನಾಲ್ಕು ತಿಂಗಳ ಒಂದೊಂದೇ ದಿನವನ್ನು ಹಿಂದಕ್ಕೆ ತಿರುಗಿಸಿ ನೋಡುತ್ತಿದ್ದಾನೆಂದು ಅವಳಿಗೆ ಗೊತ್ತಾಯಿತು. ಸಂದು ಬಿಡಬೇಕು ಎಂದು ವಿವರಿಸಿದಾಗ, ಮಂಚದ ವಿಷಯ ಕೇಳಿ ನಾಚಿದಾಗ, ನದಿಯ ಕಡೆಯ ಸೀಟಿಗೆ ಗುರುತು ಹಾಕಿದಾಗ, ಪ್ರತಿ ಸಲವೂ ಎದುರಿಗೆ ಎಲ್ಲ ಗೊತ್ತಿದ್ದವಳೊಬ್ಬಳು ಕೂತಿದ್ದಳು. ಅವಳ ಕನಿಕರ ಈಗ ಅವನಿಗೆ ಹೇಗೆ ಕಾಣುತ್ತಿರಬಹುದು ಎಂದು ಅವಳು ನೆನೆದಳು.

ಅವನು ಏಳಲು ನೋಡಿದ. ಬಹಳ ಹೊತ್ತು ಕೂತಿದ್ದ ಮೊಣಕಾಲು ಹಿಡಿದುಕೊಂಡಿತ್ತು. ತಂಗಿ ಬಾಗಿಲಿಂದಲೇ ಕೈ ಚಾಚಿ ಒಂದು ಹೆಜ್ಜೆ ಮುಂದಿಟ್ಟಳು. ಅಣ್ಣ ಆ ಕೈಯನ್ನು ನೋಡಿದ. ಆಮೇಲೆ ಹಿಂದಕ್ಕೆ ತಿರುಗಿ, ಗೋಡೆಗೆ ಅಂಗೈ ಊರಿ, ಅದನ್ನೇ ಹಿಡಿದುಕೊಂಡು ಎದ್ದ.

ಅವನು ಆ ಗೋಡೆಯ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದ. ಇವಳು ಈ ಬಾಗಿಲಲ್ಲಿ. ನಡುವೆ ನೆಲ ಪೂರ್ತಿ ರಟ್ಟು. ತುಳಿದುಕೊಂಡು ಹೋಗಿ ಅವನ ಭುಜ ಮುಟ್ಟಬಹುದಿತ್ತು. ಅವಳಿಗೆ ಕಾಲು ಬರಲಿಲ್ಲ. ಅಣ್ಣ ಎಂದು ಒಂದು ಸಲ ಕರೆದಳು. ಅವನು ಕೇಳಿಸಿಕೊಂಡ. ತಿರುಗಲಿಲ್ಲ.