ಅಂಗಡಿಯಲ್ಲೇ ಗೂಳಪ್ಪನ ಕಸರತ್ತು

ಮರಾಠಿ ಸೀಮೆಯ ಧನಕವಡಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಗೂಳಪ್ಪನದು ಕೂತು ಮಾಡುವ ಕೆಲಸ. ಬೆಳಿಗ್ಗೆ ಗಲ್ಲಾಪೆಟ್ಟಿಗೆಯ ಮುಂದೆ ಕೂತರೆ ಊಟಕ್ಕೂ ಏಳುತ್ತಿರಲಿಲ್ಲ. ಬಟ್ಟೆ ಇಳಿಸಲು ಆಳುಗಳಿದ್ದರು, ಓಡಾಡಲು ಸ್ಕೂಟರಿತ್ತು, ಮನೆಗೆ ಹತ್ತಲು ಲಿಫ್ಟಿತ್ತು. ಐವತ್ತು ದಾಟುವಷ್ಟರಲ್ಲಿ ಹೊಟ್ಟೆ ಮುಂದೆ ಬಂತು, ತೊಡೆ ಬತ್ತಿತು. ಅವನಿಗೆ ಅದು ಗೊತ್ತೇ ಆಗಲಿಲ್ಲ.

ಒಂದು ಬೆಳಿಗ್ಗೆ ಅವನ ತಾಯಿ ಪಾರವ್ವ ಬಚ್ಚಲಲ್ಲಿ ಜಾರಿ ಕೂತುಬಿಟ್ಟಳು. ಹೆಂಡತಿ ಹಾಲು ತರಲು ಹೋಗಿದ್ದಳು. ಗೂಳಪ್ಪ ಓಡಿ ಬಂದು, ಕುಕ್ಕರಗಾಲಲ್ಲಿ ಕೂತು ಅವ್ವನ ಬಗಲಿಗೆ ಕೈ ಹಾಕಿದ. ಮೇಲೇಳಲು ಆಗಲಿಲ್ಲ. ತೊಡೆ ಗಡಗಡ ನಡುಗಿ ತಾನೂ ಒದ್ದೆ ನೆಲಕ್ಕೆ ಕುಸಿದ. ಕಡೆಗೆ ಪಕ್ಕದ ಮನೆಯ ಮಾಧುರಿಯನ್ನು ಕೂಗಬೇಕಾಯಿತು. ಅವಳು ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ಪೆಟ್ಟಾಗಿಲ್ಲವೆಂದು ನೋಡಿಕೊಂಡು ಪಾರವ್ವನನ್ನು ಎಬ್ಬಿಸಿದಳು. ಆಮೇಲೆ ಗೂಳಪ್ಪನಿಗೂ ಕೈ ಕೊಟ್ಟಳು.

“ನಾನs ಭಾಳ ಭಾರ ಆಗೇನಿ. ಪಾಪ, ನನ್ನ ಮಗ ಏನ್ ಮಾಡ್ಯಾನು?” ಎಂದಳು ಪಾರವ್ವ.

ಒಣಕಡ್ಡಿಯಂಥ ಮುದುಕಿ. ಮಗನ ಮಾನ ಉಳಿಸಲು ಸುಳ್ಳು ಹೇಳುತ್ತಿದ್ದಳು. ಗೂಳಪ್ಪನಿಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಆ ವಾರವೆಲ್ಲ ಮಾಧುರಿ ಎದುರಾದರೆ ಮೊಬೈಲು ನೋಡುತ್ತ ಸರಿದುಹೋದ.

ರವಿವಾರ ಅವಳೇ ಪಾರವ್ವನನ್ನು ನೋಡಲು ಬಂದಳು. ಮುದುಕಿ ಮತ್ತೆ ತನ್ನ ಭಾರದ ಮಾತು ತೆಗೆದಳು.

“ಸುಮ್ನಿರವ್ವಾ,” ಎಂದ ಗೂಳಪ್ಪ. “ನೀ ಎಲ್ಲಿ ಭಾರ ಇದ್ದಿ? ನನ್ನ ಕಾಲಾಗs ಕಸುವು ಇಲ್ಲ.”

“ಕೂತಲ್ಲೇ ಕೂತ್ರ ಸ್ನಾಯು ಕರಗ್ತಾವ್ರಿ ಕಾಕಾ. ದುಡಿಸಿದ್ರ ಮತ್ತ ಗಟ್ಟಿ ಆಗ್ತಾವ,” ಎಂದಳು ಮಾಧುರಿ.

“ಜಿಮ್‌ಗೆ ಹೋಗಾಕ ಟೈಮ್ ಎಲ್ಲದವಾ?”

“ಜಿಮ್ ಯಾಕ್ರಿ? ಒಬ್ಬ ಗಿರಾಕಿ ಹೋದ ಮ್ಯಾಲೆ, ಕೈ ಊರದs ಕುರ್ಚಿಯಿಂದ ಐದಾರು ಸಲ ಎದ್ದು ಕೂಡ್ರಿ. ಇನ್ನೊಬ್ಬ ಹೋದ ಮ್ಯಾಲೆ ಗ್ವಾಡಿಗೆ ಕೈ ಇಟ್ಟು, ಮೊಣಕೈ ಮಡಚಿ, ಮೈ ಹಿಂದಕ್ಕ ದೂಡ್ರಿ. ಹಿಮ್ಮಡಿ ಎತ್ತಿ ತುದಿಗಾಲ ಮ್ಯಾಲೆ ನಿಂದರ್ರಿ. ಸ್ವಲ್ಪs ಮಾಡ್ರಿ, ಆದ್ರ ದಿನಕ್ಕ ನಾಕೈದು ಸಲ ಮಾಡ್ರಿ. ಹಗುರ ಅನ್ನಿಸಿದ್ರ ಹೆಚ್ಚು ಮಾಡ್ರಿ.”

“ಅಷ್ಟರಿಂದ ಏನಾಗ್ತದ?”

“ಏನೂ ಮಾಡದs ಇದ್ರ ಏನಾಗ್ತದ, ನೋಡೀರಲ್ರಿ.”



ಮರುದಿನ ಅಂಗಡಿಯಲ್ಲಿ ಎದ್ದು ಕೂರುತ್ತಿದ್ದಾಗ ಗಿರಾಕಿ ಹೆಂಗಸೊಬ್ಬಳು ಒಳಗೆ ಬಂದು, “ಕಾಯ್ ಝಾಲಂ ಶೇಟ್?” ಎಂದು, ಏನಾಯಿತು ಸಾಹುಕಾರರೇ ಅಂತ ಮರಾಠಿಯಲ್ಲಿ ಕೇಳಿ ನಕ್ಕಳು. ಅವನ ಕಿವಿ ಬಿಸಿಯಾಯಿತು. ಅವಳು ಹೋದ ಮೇಲೆ ಇನ್ನು ಸಾಕು ಎಂದುಕೊಂಡ. ಆದರೆ ಅವ್ವ ಹೇಳಿದ ಸುಳ್ಳು ನೆನಪಾಯಿತು. ಅದರ ಮುಂದೆ ಈ ನಾಚಿಕೆ ಯಾವ ಲೆಕ್ಕ? ಮತ್ತೆ ಎದ್ದ.

ಮೊದಲು ತೊಡೆ ನೊಂದವು, ಆಮೇಲೆ ಹೊಂದಿಕೊಂಡವು. ದೀಪಾವಳಿಯ ಗದ್ದಲದಲ್ಲಿ ಮೇಲಿನ ಹಲಗೆಯ ಬಟ್ಟೆಯನ್ನು ತಾನೇ ಇಳಿಸಿ ಕೊಡುವಷ್ಟಾದ. ಹಾಲು ಕಾಯುವವರೆಗೆ ಹೆಂಡತಿಯೂ ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತತೊಡಗಿದಳು. ಮಾಧುರಿ ಹಿಡಿದುಕೊಂಡರೆ ಪಾರವ್ವನೂ ಕುರ್ಚಿಯಿಂದ ಎದ್ದು ಕೂರುತ್ತಾಳೆ.

“ಬಚ್ಚಲದಾಗ ಆದದ್ದು ಯಾರಿಗೂ ಹೇಳಬ್ಯಾಡವಾ,” ಎಂದ ಗೂಳಪ್ಪ ಮಾಧುರಿಗೆ.

“ನಾ ಹೇಳಂಗಿಲ್ರಿ. ನೀವs ಹೇಳ್ರಿ. ನಿಮ್ಮಂಗ ಕೂತಾವ್ರು ಭಾಳ ಮಂದಿ ಅದಾರ.”

ಅವನು ಮೊದಲು ಹೇಳಿದ್ದು ಪಕ್ಕದ ಅಂಗಡಿಯ ಫಕೀರಪ್ಪನಿಗೆ. ಹೇಳುವಾಗ ಧ್ವನಿ ಇಳಿದುಹೋಯಿತು. ಫಕೀರಪ್ಪ ನಗಲಿಲ್ಲ. ಕುರ್ಚಿಯ ಹಿಡಿಕೆಯಿಂದ ಎರಡೂ ಕೈ ತೆಗೆದು, ಏಳಲು ನೋಡಿದ. ಆಗಲಿಲ್ಲ.

“ನಂದೂ ಹಂಗs ಅದಪಾ,” ಎಂದ ಮೆಲ್ಲಗೆ.

ನಿಮ್ಮದು ಹೇಗಿದೆ? ಎದೆನೋವು, ಮೊಣಕಾಲು ನೋವು, ತಲೆಸುತ್ತು ಇರುವವರು ಮೊದಲು ಡಾಕ್ಟರನ್ನು ಕೇಳಿ. ಉಳಿದವರು ಈ ಹಾಳೆಯನ್ನು ಪಕ್ಕಕ್ಕಿಟ್ಟು, ಕೈ ಊರದೆ ಒಮ್ಮೆ ಎದ್ದು ನಿಲ್ಲಿ. ಆಗದಿದ್ದರೆ ನಾಚಬೇಡಿ, ಇವತ್ತೇ ಶುರು ಮಾಡಿ.